ಕಾಡಿಗೆ ಬಿದ್ದ ಬೆಂಕಿ, ಊರಿಗೆ ಬಿದ್ದ ಸುದ್ದಿ

ಉರ್ದುವಿನಲ್ಲಿ ‘ಜಂಗಲ್ ಕೀ ಆಗ್’ ಅನ್ನುತ್ತಾರೆ, ಕನ್ನಡದಲ್ಲಿ ಕಾಡ್ಗಿಚ್ಚು. ಎರಡೂ ಭಾಷೆಗಳಲ್ಲಿ ಈ ಮಾತು ಕಾಡಿಗಿಂತ ಸುದ್ದಿಗೇ ಹೆಚ್ಚು ಬಳಕೆಯಾಗುತ್ತದೆ. ಬೆಳಿಗ್ಗೆ ಉರ್ದು ತರಗತಿಯಲ್ಲಿ ಖಬರ್ ಜಂಗಲಿನ ಬೆಂಕಿಯ ಹಾಗೆ ಹಬ್ಬಿತೆಂದು ಸ್ವಂತ ವಾಕ್ಯ ಮಾಡಿ, ಮಧ್ಯಾಹ್ನ ಕನ್ನಡದಲ್ಲಿ ಅದನ್ನೇ ತಿರುಗಿಸಿ ಬರೆದು ಎರಡೂ ಕಡೆ ಅಂಕ ಗಿಟ್ಟಿಸಿದವರು ನಾವು. ಶಾಲೆಯ ಹಿಂದೆಯೇ ಸೊಪ್ಪಿನ ಬೆಟ್ಟವಿತ್ತು. ಪ್ರತಿ ಫಾಲ್ಗುಣದಲ್ಲಿ ಅದರ ಯಾವುದಾದರೂ ಒಂದು ಮೂಲೆ ಹೊತ್ತಿಕೊಳ್ಳುತ್ತಿತ್ತು. ಆದರೆ ಬೆಂಕಿ ಹಬ್ಬುವುದು ಹೇಗೆ ಎಂದು ಯಾವ ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

2019ರ ಫೆಬ್ರವರಿ ಕೊನೆಯ ವಾರ ಸಾಗರದಿಂದ ಹೆಗ್ಗೋಡಿಗೆ ಹೋಗುವ ದಾರಿಯ ಒಂದು ಚಹಾದಂಗಡಿಯಲ್ಲಿ ಕುಳಿತಿದ್ದೆವು. ಬಂಡೀಪುರ ಉರಿಯುತ್ತಿತ್ತು. ಬಂಡೀಪುರಕ್ಕೂ ನಮಗೂ ನಡುವೆ ಅರ್ಧ ಕರ್ನಾಟಕವೇ ಇದೆ, ಆದರೂ ಆ ಅಂಗಡಿಯಲ್ಲಿ ಹೊಗೆಯ ವಾಸನೆ ಬರುವುದೊಂದೇ ಬಾಕಿ. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲದರಲ್ಲೂ ಸುಟ್ಟ ಪ್ರಾಣಿಗಳ ಚಿತ್ರ. ಆಗ ಹಂಚಿಕೆಯಾದ ಚಿತ್ರಗಳಲ್ಲಿ ಹಲವು ಬಂಡೀಪುರದವೇ ಆಗಿರಲಿಲ್ಲ, ಹೊರದೇಶದ ಹಳೆಯ ಬೆಂಕಿಗಳಲ್ಲಿ ತೆಗೆದವು ಎಂಬುದು ಆಮೇಲೆ ಗೊತ್ತಾಯಿತು. ಮೂಲೆಯ ಬೆಂಚಿನಲ್ಲಿದ್ದವರೊಬ್ಬರು ಪರದೆಯಿಂದ ತಲೆಯೆತ್ತಿ, ‘ಇದು ತಾನಾಗೇ ಹತ್ತಿದ್ದಲ್ಲ ಮಾರಾಯ, ಯಾರೋ ಹಚ್ಚಿದ್ದು’ ಅಂದರು. ಹಾಗೆನ್ನುತ್ತ ನಮ್ಮ ಕಡೆ ನೋಡಿದರು. ಬೇಕೆಂದೇ ನೋಡಿದರೋ, ಎದುರಿಗೆ ಕುಳಿತವರು ನಾವಾದ್ದರಿಂದ ಸುಮ್ಮನೆ ಕಣ್ಣು ಬಿತ್ತೋ ಹೇಳಲಾರೆವು. ಸಂಶಯ ಅವರದ್ದಲ್ಲ, ನಮ್ಮದೇ ಇರಬಹುದು. ಆದರೆ ಚಹಾ ಗಂಟಲಲ್ಲಿ ಒಂದು ಕ್ಷಣ ನಿಂತದ್ದು ನಿಜ. ಈ ಬರಹ ಶುರುವಾದದ್ದು ಅಲ್ಲಿ.

ಮೊದಲು ಬಂಡೀಪುರದಲ್ಲಿ ಆದದ್ದೇನೆಂದು ನೋಡೋಣ. ಫೆಬ್ರವರಿ 21ರ ಸುಮಾರಿಗೆ ಹತ್ತಿದ ಬೆಂಕಿ ಐದು ದಿನ ಉರಿಯಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತಿನ ಕಾಡು, ಬೆಟ್ಟದ ಇಳಿಜಾರಿನ ಹುಲ್ಲು ಕಪ್ಪಾದವು. ಆ ಬೆಟ್ಟ 1,454 ಮೀಟರ್ ಎತ್ತರದ್ದು, ತುದಿಯಲ್ಲಿ ದೇವಸ್ಥಾನ, ರಜೆ ಬಂತೆಂದರೆ ಬೆಂಗಳೂರು ಮೈಸೂರಿನ ಜನ. ಸಫಾರಿ ನಿಂತಿತು. ಊಟಿ ರಸ್ತೆಗೆ ಹೊಗೆ ಕವಿಯಿತು. ಸುತ್ತಲಿನ ಹಳ್ಳಿಯವರು, ಊರೂರಿನಿಂದ ಬಂದ ಸ್ವಯಂಸೇವಕರು ಹಸಿ ಸೊಪ್ಪು ಹಿಡಿದು ಬಡಿದರು. 25ರಂದು ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ಚೀಲಗಳಲ್ಲಿ ನೀರು ತಂದು ಸುರಿದವು. ಉಪಗ್ರಹದ ಲೆಕ್ಕದಂತೆ ಸುಟ್ಟದ್ದು ಸುಮಾರು 4,400 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಹನ್ನೊಂದು ಸಾವಿರ ಎಕರೆಗೆ ಸ್ವಲ್ಪ ಕಡಿಮೆ. ಅದೇ 23ರಂದು ಯಲಹಂಕದ ವೈಮಾನಿಕ ಪ್ರದರ್ಶನದ ಪಾರ್ಕಿಂಗ್ ಮೈದಾನದಲ್ಲಿ ಒಣಹುಲ್ಲಿಗೆ ಕಿಡಿ ಬಿದ್ದು ಮುನ್ನೂರರಷ್ಟು ಕಾರುಗಳು ಸುಟ್ಟವು. ಕಾರುಗಳಿಗೆ ಯಾರೂ ಸಂಚಿನ ಕತೆ ಕಟ್ಟಿದ ನೆನಪಿಲ್ಲ. ಹುಲ್ಲು ಒಣಗಿತ್ತು, ಗಾಳಿ ಇತ್ತು, ಕಿಡಿ ಬಿತ್ತು ಎಂದರೆ ಸಾಕಾಯಿತು. ಕಾಡಿನ ವಿಷಯಕ್ಕೆ ಅಷ್ಟು ಸಾಲಲಿಲ್ಲ. ಕೆಲವರ ಬಂಧನವೂ ಆಯಿತು. ದನ ಮೇಯಿಸುವ ಕಡೆ ಬರುವ ಹುಲಿಯನ್ನು ಓಡಿಸಲು ಹಚ್ಚಿದ್ದು ಎಂಬ ಮಾತು ಪತ್ರಿಕೆಗಳಲ್ಲಿ ಬಂತು.

ನಮ್ಮ ಕಾಡುಗಳಲ್ಲಿ ಬೆಂಕಿ ಹೆಚ್ಚಾಗಿ ಮನುಷ್ಯರ ಕೈಯಿಂದಲೇ ಬೀಳುವುದು, ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಸಿಡಿಲು ಮಳೆಯೊಂದಿಗೆ ಬರುತ್ತದೆ, ಬೆಂಕಿ ಬೀಳುವುದು ಅದಕ್ಕೂ ಮುಂಚೆ. ಬೀಡಿ ತುಂಡು, ಜೇನು ಬಿಡಿಸುವ ಸೂಡಿ, ಹೊಸ ಹುಲ್ಲಿಗಾಗಿ ಹಾಕಿದ ಬೆಂಕಿ, ಗದ್ದೆಯಂಚಿನಿಂದ ಹಾರಿದ ಕಿಡಿ, ಪ್ರವಾಸಿಗರ ಒಲೆ, ಇಲಾಖೆಯ ಮೇಲಿನ ಸಿಟ್ಟು, ಎಲ್ಲವೂ ಇವೆ. 1992ರಲ್ಲಿ ಬೇಟೆಗಾರನೊಬ್ಬನ ಸಾವಿನ ನಂತರ ನಾಗರಹೊಳೆಗೆ ಉದ್ರಿಕ್ತ ಗುಂಪು ಬೆಂಕಿ ಇಟ್ಟದ್ದು ಎಲ್ಲರಿಗೂ ಗೊತ್ತಿದೆ. ಆದರೆ ಕಿಡಿ ಪ್ರತಿ ವರ್ಷವೂ ಬೀಳುತ್ತದೆ. ಕೆಲವು ವರ್ಷ ಅದು ಅಂಗೈಯಗಲ ಸುಟ್ಟು ಆರುತ್ತದೆ, ಕೆಲವು ವರ್ಷ ಸಾವಿರಾರು ಎಕರೆ ತಿನ್ನುತ್ತದೆ. ಈ ವ್ಯತ್ಯಾಸ ಹಚ್ಚಿದವನ ಕೈಯಲ್ಲಿಲ್ಲ. ನೆಲದ ಮೇಲೆ ಏನು ಬಿದ್ದಿತ್ತು ಎಂಬುದರಲ್ಲಿದೆ. ನೂರೈವತ್ತು ವರ್ಷಗಳಿಂದ ನಾವು ಮೊದಲನೆಯದನ್ನೇ ಕೇಳುತ್ತ ಬಂದಿದ್ದೇವೆ.

ಈ ಕೇಳುವ ಅಭ್ಯಾಸಕ್ಕೆ ಒಂದು ಇತಿಹಾಸವಿದೆ, ಮತ್ತು ಅದರಲ್ಲಿ ನಮ್ಮ ಜಿಲ್ಲೆಗೂ ಪಾಲಿದೆ. 1840ರ ದಶಕದಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಎಂಬ ಸ್ಕಾಟ್ ವೈದ್ಯ ಮೈಸೂರು ಕಮಿಷನ್ನಿನ ನೌಕರಿಯಲ್ಲಿ ಶಿವಮೊಗ್ಗದಲ್ಲಿದ್ದ. ಸ್ಥಳೀಯ ಚಿತ್ರಕಾರರಿಂದ ಗಿಡಗಳ ಚಿತ್ರ ಬರೆಸುತ್ತಿದ್ದ. ಮಲೆನಾಡಿನ ಮಳೆ, ಮರ, ಬೆಂಕಿ ಅವನು ಕಣ್ಣಾರೆ ಕಂಡದ್ದು ಇಲ್ಲಿ. ಮುಂದೆ 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ. 1861ರಲ್ಲಿ ದಕ್ಷಿಣ ಭಾರತದ ಕಾಡು ಮತ್ತು ತೋಟಗಳ ಬಗ್ಗೆ ಪುಸ್ತಕ ಬರೆದ. ಅವನ ದೊಡ್ಡ ದೂರು ಕುಮರಿಯ ಮೇಲೆ.

ಕುಮರಿ ಎಂದರೆ ಇಂದಿನ ಓದುಗರಿಗೆ ವಿವರಿಸಬೇಕಾದೀತು. ಚಳಿ ಕಳೆಯುವಾಗ ಗುಡ್ಡದ ಒಂದು ತುಂಡು ಕಡಿದು ಒಣಗಲು ಬಿಡುವುದು, ಮಳೆಗೆ ಮುಂಚೆ ಸುಡುವುದು, ಆ ಬೂದಿಯಲ್ಲಿ ರಾಗಿ ಮುಂತಾದವನ್ನು ಬಿತ್ತುವುದು, ಒಂದೆರಡು ಬೆಳೆ ತೆಗೆದು ಬಿಟ್ಟು ಬೇರೆ ತುಂಡಿಗೆ ಹೋಗುವುದು. ಬಿಟ್ಟ ಜಾಗಕ್ಕೆ ವರ್ಷಗಟ್ಟಲೆ ಮರಳುತ್ತಿರಲಿಲ್ಲ. 1801ರಲ್ಲಿ ಸಾಗರ, ಇಕ್ಕೇರಿ, ನಗರದ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಕನ್ನಡ ಜಿಲ್ಲೆಗಳ ಈ ಬೇಸಾಯವನ್ನು ದಾಖಲಿಸಿದ್ದಾನೆ. ಗದ್ದೆಯೂ ತೋಟವೂ ಇಲ್ಲದವರ ಬೇಸಾಯ ಇದು. ಹಡಗಿಗೆ ತೇಗ, ರೈಲಿಗೆ ಸ್ಲೀಪರು ಬೇಕಾಗಿದ್ದ ಸರಕಾರಕ್ಕೆ ಇದರಷ್ಟು ಕಣ್ಣು ಕುಕ್ಕುವುದು ಬೇರೆ ಇರಲಿಲ್ಲ. 1860ರ ಹೊತ್ತಿಗೆ ಕನ್ನಡ ಜಿಲ್ಲೆಯ ಸರಕಾರಿ ಕಾಡಿನಲ್ಲಿ ಅನುಮತಿಯಿಲ್ಲದ ಕುಮರಿಗೆ ತಡೆ ಬಿತ್ತು. 1864ರಲ್ಲಿ ಮೈಸೂರಿಗೆ ಅರಣ್ಯ ಇಲಾಖೆ ಬಂತು. ಅದೇ ಕಾಲಕ್ಕೆ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಪಿಯರ್ಸನ್ ಎಂಬ ಅಧಿಕಾರಿ ಬೆಂಕಿ ರೇಖೆ ಕಡಿಸಿ, ಕಾವಲಿಟ್ಟು, ಕಾಡನ್ನು ಸುಡದಂತೆ ಕಾಯಬಹುದೆಂದು ತೋರಿಸಿದ್ದ. ಅಲ್ಲಿಂದ ಬೆಂಕಿಯೆಂದರೆ ಅಪರಾಧ, ಬೆಂಕಿ ಹಿಡಿದವನೆಂದರೆ ಅಪರಾಧಿ.

ಕಾಯ್ದೆಯ ಭಾಷೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. 1878ರ ಅರಣ್ಯ ಕಾಯ್ದೆಯಲ್ಲಿ, ಅದರ ಜಾಗಕ್ಕೆ ಬಂದ 1927ರ ಕಾಯ್ದೆಯಲ್ಲಿ ಒಂದು ಕಲಮಿದೆ. ಮೀಸಲು ಅರಣ್ಯಕ್ಕೆ ಯಾರಾದರೂ ಬೇಕೆಂದೇ ಅಥವಾ ಘೋರ ನಿರ್ಲಕ್ಷ್ಯದಿಂದ ಬೆಂಕಿ ಬೀಳಿಸಿದರೆ, ಅವರಿಗೆ ಶಿಕ್ಷೆಯಂತೂ ಸರಿಯೇ, ಅದರ ಜೊತೆಗೆ ಆ ಕಾಡಿನಲ್ಲಿ ದನ ಮೇಯಿಸುವ, ಸೌದೆ ಸೊಪ್ಪು ತರುವ ಎಲ್ಲರ ಹಕ್ಕನ್ನೂ ಸರಕಾರ ಇಷ್ಟು ಕಾಲ ಎಂದು ಅಮಾನತಿನಲ್ಲಿಡಬಹುದು. ಹಚ್ಚಿದವನು ಒಬ್ಬ, ದನ ಕಟ್ಟಿ ಹಾಕಬೇಕಾದದ್ದು ಊರೆಲ್ಲ. ಬೆಂಕಿ ಬಿದ್ದರೆ ಆರಿಸಲು ಬರಲೇಬೇಕಾದವರು ಕೂಡ ಕಾಯ್ದೆಯ ಪ್ರಕಾರ ಇದೇ ಊರವರು. ಒಬ್ಬನ ತಪ್ಪಿಗೆ ಕೇರಿಯನ್ನೇ ಹೊಣೆ ಮಾಡುವ ಈ ಲೆಕ್ಕ ನಮಗೆ ಹೊಸತಾಗಿ ಕಾಣಲಿಲ್ಲ. ಕಾನೂನಿನ ಪುಸ್ತಕದಲ್ಲಿ ಅಚ್ಚಾಗಿದ್ದು ಕಂಡಾಗ ಮಾತ್ರ ಸ್ವಲ್ಪ ಹೊತ್ತು ಪುಟ ತಿರುಗಿಸಲಿಲ್ಲ.

ಇಲ್ಲಿ ಒಂದು ಅಡ್ಡ ಮಾತು. ಹೊಸನಗರ ತಾಲೂಕಿನ ನಗರ, ಹಿಂದಿನ ಬಿದನೂರು, 1763ರಲ್ಲಿ ಹೈದರಾಲಿಯ ಕೈಗೆ ಬಿತ್ತು. ಹೈದರನೇ ಊರು ಸುಟ್ಟ ಎಂದು ಹೇಳುವವರನ್ನು ನಾವು ಕೇಳಿದ್ದೇವೆ. ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್, ಹೈದರನನ್ನು ಹೊಗಳುವ ಹರಕೆಯೇನೂ ಇಲ್ಲದ ಇಂಗ್ಲಿಷ್ ಅಧಿಕಾರಿ, ಬೇರೆಯೇ ಹೇಳುತ್ತಾನೆ. ರಾಣಿ ವೀರಮ್ಮಾಜಿ ಬಲ್ಲಾಳರಾಯನ ದುರ್ಗದ ಕಡೆ ಹೊರಡುವಾಗ ಅರಮನೆಗೆ ಬೆಂಕಿ ಇಡಲು ಹೇಳಿ ಹೋಗಿದ್ದರು, ಹೈದರ್ ಬಂದವನೇ ಬೆಂಕಿ ಆರಿಸಿದ ಎಂದು. ಆರಿಸಿದ್ದು ಕರುಣೆಯಿಂದ ಎಂದು ನಾವು ಹೇಳುವುದಿಲ್ಲ, ಒಳಗೆ ಕೆಳದಿಯ ಖಜಾನೆ ಇತ್ತು. ಸೋಲುವ ಅರಸರು ತಮ್ಮ ಅರಮನೆ ಸುಡುವುದೂ ಹೊಸತಲ್ಲ, ಅದಕ್ಕಾಗಿ ರಾಣಿಯನ್ನು ದೂರುವ ಕಾರಣವಿಲ್ಲ. ಆರಿಸಿದವನು ಇನ್ನೂರೈವತ್ತು ವರ್ಷದಲ್ಲಿ ಹಚ್ಚಿದವನಾದದ್ದು ಹೇಗೆ ಎಂಬುದಷ್ಟೇ ನಮ್ಮ ಕುತೂಹಲ.

ಕಾಡಿಗೆ ಮರಳೋಣ. ಬ್ರಿಟಿಷ್ ಅಧಿಕಾರಿಗಳೆಲ್ಲ ಒಂದೇ ರೀತಿ ನೋಡಿದರೆಂದರೆ ತಪ್ಪಾಗುತ್ತದೆ. ಅರಣ್ಯ ಇಲಾಖೆಯ ಪಿತಾಮಹನೆನಿಸಿದ ಬ್ರಾಂಡಿಸ್, ಗ್ರಾಂಟ್ ಎಂಬಾತನ ಜೊತೆ ಸೇರಿ 1868ರಲ್ಲಿ ಸೊರಬ ತಾಲೂಕಿನ ಕಾನುಗಳ ಬಗ್ಗೆ ವರದಿ ಬರೆದ. ಕಾನು ನಮ್ಮ ಕಡೆಯ ಪದ. ಸುತ್ತ ಎಲೆ ಉದುರುವ ಕಾಡು, ಹುಲ್ಲು, ಗದ್ದೆ, ನಡುವೆ ವರ್ಷವಿಡೀ ತಂಪಾಗಿರುವ ಹಸುರು ಗುಂಪು. ಒಳಗೆ ಕಾಳುಮೆಣಸಿನ ಬಳ್ಳಿ, ಬೈನೆ ಮರ, ನೀರಿನ ಒರತೆ, ದೈವದ ಕಲ್ಲು. ಕಾನಿಗೆ ಬೆಂಕಿ ನುಗ್ಗದಂತೆ ಊರವರೇ ಕಾಯುತ್ತಿದ್ದರು, ಮೆಣಸು ಅವರದಾದ್ದರಿಂದ. ಕಾಡು ಸುಡುವವರೆಂದು ಹೆಸರು ಪಡೆದ ಅದೇ ಜನ, ಎಲ್ಲಿ ಸುಡಬಾರದು ಎಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು. 1896ರ ಹೊತ್ತಿಗೆ ಬರ್ಮಾದಲ್ಲಿದ್ದ ಸ್ಲೇಡ್ ಎಂಬ ಅರಣ್ಯಾಧಿಕಾರಿಯೇ ಇಲಾಖೆಯವರ ಪತ್ರಿಕೆ ‘ಇಂಡಿಯನ್ ಫಾರೆಸ್ಟರ್’ನಲ್ಲಿ, ಬೆಂಕಿ ತಡೆಯುವುದು ಅತಿಯಾಯಿತು, ತೇಗದ ಸಸಿ ಏಳುತ್ತಿಲ್ಲ ಎಂದು ಬರೆದ. ಅಷ್ಟರಲ್ಲಿ ಸುಡುವ ವಿದ್ಯೆ ಬಲ್ಲವರು ಎಷ್ಟೋ ಕಡೆ ಕೂಲಿಗಳಾಗಿಬಿಟ್ಟಿದ್ದರು.

ಹೆಗ್ಗೋಡಿನ ಸುತ್ತಮುತ್ತ ಹಳೆಯ ವ್ಯವಸ್ಥೆಯ ಒಂದು ಚೂರು ನಮ್ಮ ಕಾಲದವರೆಗೂ ಉಳಿದಿತ್ತು. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಬೇಕು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಇತ್ತು. ಹಸಿಸೊಪ್ಪು ಕಡಿದು ಕೊಟ್ಟಿಗೆಗೆ ಹಾಸುತ್ತಿದ್ದರು. ಬೇಸಿಗೆಯಲ್ಲಿ ಹೆಂಗಸರು ಬುಟ್ಟಿ, ಕಡ್ಡಿಹಿಡಿ ತೆಗೆದುಕೊಂಡು ದರಕು ಗುಡಿಸಲು ಹೋಗುತ್ತಿದ್ದರು. ಒಣಗಿ ಬಿದ್ದ ಎಲೆ ಅದು. ಬೇರೆ ಕಡೆ ತರಗು ಅನ್ನುತ್ತಾರೆ. ಗುಡಿಸಿದ್ದು ದನದ ಕಾಲಡಿ ಹೋಗಿ, ಗೊಬ್ಬರದ ಗುಂಡಿಗೆ ಬಿದ್ದು, ಅಡಿಕೆ ಮರದ ಬುಡ ಸೇರುತ್ತಿತ್ತು. ಅವರು ಬೆಂಕಿ ತಡೆಯುತ್ತಿದ್ದೇವೆ ಎಂದು ಗುಡಿಸಿದವರಲ್ಲ, ಗೊಬ್ಬರಕ್ಕೆ ಗುಡಿಸಿದರು. ಆದರೆ ಮಾರ್ಚಿ ತಿಂಗಳಲ್ಲಿ ಕಿಡಿ ಬಿದ್ದರೆ ಅದಕ್ಕೆ ತಿನ್ನಲು ಏನೂ ಉಳಿಯುತ್ತಿರಲಿಲ್ಲ. ಖೇಣಿ ಹಿಡಿಯುತ್ತಿದ್ದ ನಮ್ಮ ಹಿರಿಯರೂ ಬೆಟ್ಟ ನೋಡಿಯೇ ತೋಟದ ಬೆಲೆ ಕಟ್ಟುತ್ತಿದ್ದರು. ಗುಡಿಸಿದ ಬೆಟ್ಟವಿದ್ದರೆ ಗೊನೆ ತೂಗುತ್ತದೆ ಎಂಬುದು ಅವರ ಲೆಕ್ಕ.

ಈಗ ದನ ಕಡಿಮೆ, ಗುಡಿಸುವ ಕೈ ಕಡಿಮೆ. ಗೊಬ್ಬರ ಚೀಲದಲ್ಲಿ ಬರುತ್ತದೆ. ಜೊತೆಗೆ ಅಕೇಶಿಯಾ ಬಂತು. 1980ರಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಗೆ ಸರಕಾರ ಶಿವಮೊಗ್ಗ ಸೀಮೆಯ ಸಾವಿರಾರು ಹೆಕ್ಟೇರ್ ಕಾಡುಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟಿತು. ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು, ಗುತ್ತಿಗೆ 2020ರಲ್ಲಿ ಮುಗಿಯಿತು, ಸರಕಾರ ಅದನ್ನು ಮತ್ತೆ ಮುಂದುವರಿಸಲು ಹೊರಟಾಗ ಊರೂರುಗಳಲ್ಲಿ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಹೋರಾಟ ಎದ್ದಿತು. ಅಕೇಶಿಯಾ ತೋಪಿನಲ್ಲಿ ನಡೆದವರಿಗೆ ಗೊತ್ತು, ಕಾಲಡಿಯ ಎಲೆ ಹಪ್ಪಳದ ಹಾಗೆ ಮುರಿಯುತ್ತದೆ. ಬೇಗ ಕೊಳೆಯುವುದಿಲ್ಲ, ದನ ತಿನ್ನುವುದಿಲ್ಲ. ಬಂಡೀಪುರದಲ್ಲಿ ಅಕೇಶಿಯಾದ ಜಾಗದಲ್ಲಿ ಲಂಟಾನ ಇದೆ. ಪೊದೆ ಎದೆಯೆತ್ತರಕ್ಕೆ ಬೆಳೆದರೆ ನೆಲದ ಬೆಂಕಿ ಮರವೇರಲು ಅದೇ ಏಣಿ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಇದರ ಬಗ್ಗೆ ಹೇಳಲು ತುಂಬಾ ಇದೆ. ಅವರಲ್ಲಿ ‘ತರಗು ಬೆಂಕಿ’ ಎಂಬ ಪದ್ಧತಿ ಇತ್ತು. ಬೇಸಿಗೆ ಬಲಿಯುವ ಮೊದಲೇ, ತೇವ ಇನ್ನೂ ಇರುವಾಗ, ತರಗನ್ನಷ್ಟೇ ಸುಡುವ ಸಣ್ಣ ಬೆಂಕಿ. ಮೊಣಕಾಲೆತ್ತರ ಉರಿದು ಆರಿಹೋಗುತ್ತದೆ. 1972ರ ವನ್ಯಜೀವಿ ಕಾಯ್ದೆ, 1974ರ ಅಭಯಾರಣ್ಯದ ಘೋಷಣೆಯ ನಂತರ ಸೋಲಿಗರನ್ನು ಪೋಡುಗಳಲ್ಲಿ ನೆಲೆಗೊಳಿಸಲಾಯಿತು, ತರಗು ಬೆಂಕಿ ನಿಂತಿತು. ಆಮೇಲೆ ಲಂಟಾನ ಕಾಡು ತುಂಬಿತು, ನೆಲ್ಲಿ ಮರಗಳ ಮೇಲೆ ‘ಉಪ್ಪಿಲು’ ಎಂಬ ಬದನಿಕೆ ಹಬ್ಬಿ ಮರ ಒಣಗತೊಡಗಿತು. ಬೆಂಕಿ ನಿಲ್ಲಿಸಿದ್ದಕ್ಕೇ ಹೀಗಾಯಿತು ಎಂದು ಸೋಲಿಗರು ಹೇಳುತ್ತ ಬಂದರು. ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ವಿಜ್ಞಾನಿಗಳು ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. 2011ರಲ್ಲಿ ಸೋಲಿಗರ 25 ಪೋಡುಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಎಲ್ಲ ಕಾಡಿಗೂ ಎಲ್ಲ ಬೆಂಕಿಯೂ ಒಳ್ಳೆಯದೆಂದು ಇದರರ್ಥವಲ್ಲ. ಆಗುಂಬೆಯ ಮಳೆಕಾಡಿಗೆ, ಸೊರಬದ ಕಾನಿಗೆ ತರಗು ಬೆಂಕಿ ಕೂಡ ವಿಷವೇ. ಯಾವ ಕಾಡಿಗೆ, ಯಾವ ತಿಂಗಳಲ್ಲಿ, ಯಾರ ಕೈಯಲ್ಲಿ ಎಂಬುದು ಇಲ್ಲಿನ ಪ್ರಶ್ನೆ.

ದೂರದ ಕೆನಡಾದಲ್ಲೂ ಇಂಥದೇ ಕತೆ ಇದೆ. ರಾಕಿ ಪರ್ವತಗಳ ನಡುವಿನ ಜಾಸ್ಪರ್ ಪ್ರವಾಸಿಗರ ಪುಟ್ಟ ಪಟ್ಟಣ. 1907ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು, ಕಣಿವೆಯಲ್ಲಿ ಬೇಸಾಯ ಮಾಡಿಕೊಂಡಿದ್ದ ಮೆಟಿ ಕುಟುಂಬಗಳನ್ನು 1910ರ ಹೊತ್ತಿಗೆ ಹೊರಹಾಕಿದರು. ಅವರ ಜೊತೆ ಅವರು ಹಾಕುತ್ತಿದ್ದ ಸಣ್ಣ ಬೆಂಕಿಗಳೂ ಹೋದವು. ನೂರು ವರ್ಷ ಕಾಡನ್ನು ಸುಡದಂತೆ ಕಾದರು. ಕಾಡು ಒತ್ತೊತ್ತಾಗಿ ಬೆಳೆಯಿತು, ಹುಳು ಬಿದ್ದು ಪೈನ್ ಮರಗಳು ನಿಂತಲ್ಲೇ ಒಣಗಿದವು. 2024ರ ಜುಲೈನಲ್ಲಿ ಬಂದ ಬೆಂಕಿ ಪಟ್ಟಣದ 1,113 ಕಟ್ಟಡಗಳಲ್ಲಿ 358ನ್ನು ಸುಟ್ಟಿತು. ಇಪ್ಪತ್ತೈದು ಸಾವಿರದಷ್ಟು ಜನರನ್ನು ಸಮಯಕ್ಕೆ ಸಾಗಿಸಿದ್ದರಿಂದ ಜೀವ ಉಳಿಯಿತು.

ನಮ್ಮ ನೆರೆಯಲ್ಲಿ ಜೀವ ಉಳಿಯಲಿಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಹುಲ್ಲಿನ ಬೆಂಕಿಗೆ ಸಿಕ್ಕಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು, ಬಹಳಷ್ಟು ಜನ ಯುವತಿಯರು. ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುತ್ತದೆ. ಜ್ವಾಲೆ ಮುಂದಿನ ಹುಲ್ಲನ್ನು ತಾಗುವ ಮೊದಲೇ ಕಾಯಿಸಿ ಸಿದ್ಧ ಮಾಡಿಟ್ಟಿರುತ್ತದೆ. ಮೇಲೆ ಹತ್ತಿ ತಪ್ಪಿಸಿಕೊಳ್ಳುವುದು ಮನುಷ್ಯನಿಗೆ ಆಗದ ಮಾತು. ಇದು ಗೊತ್ತಿದ್ದರೆ ಸಾಕು, 1,343 ಮೀಟರ್ ಎತ್ತರದ ಕೊಡಚಾದ್ರಿಯ ಹುಲ್ಲು ಬೇಸಿಗೆಯಲ್ಲಿ ಬಂಗಾರದಂತೆ ಹೊಳೆಯುವಾಗ ಅಲ್ಲಿ ಒಲೆ ಹೂಡುವ ಆಸೆ ಯಾರಿಗೂ ಹುಟ್ಟಲಾರದು. ಜೀಪಿನಲ್ಲಿ ಕುಲುಕುತ್ತ ಮೇಲೇರುವವರಿಗೆ ಹುಲ್ಲು ಚಿತ್ರ ತೆಗೆಯುವ ಹಿನ್ನೆಲೆ. ಕೆಳಗಿನ ಊರವರಿಗೆ ಅದು ಮೇವು, ಮತ್ತು ಭಯ.

ಬೆಂಕಿಗೆ ಮುಖ ಕೊಡುವವರ ಬಗ್ಗೆ ಒಂದು ಮಾತು ಹೇಳಲೇಬೇಕು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಎಳೆ ವಯಸ್ಸಿನ ಅರಣ್ಯ ರಕ್ಷಕರೊಬ್ಬರು ಬೆಂಕಿಯಲ್ಲಿ ಸಿಕ್ಕಿ ಸತ್ತರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲೂಕಿನ ಕಾಡುಮನೆಯ ಹತ್ತಿರ ಇನ್ನೊಬ್ಬರು. 2004ರಿಂದ ದೇಶಕ್ಕೆ ಉಪಗ್ರಹದ ಬೆಂಕಿ ಎಚ್ಚರಿಕೆ ಬರುತ್ತಿದೆ, ಎಲ್ಲಿ ಹೊಗೆ ಎದ್ದರೂ ಮೊಬೈಲಿಗೆ ಸಂದೇಶ. ಆದರೆ ಸಂದೇಶ ಬಂದ ಮೇಲೆ ಗುಡ್ಡ ಹತ್ತಿ ಹೋಗಿ ಬಡಿಯುವುದು ಇವತ್ತಿಗೂ ಹಸಿ ಸೊಪ್ಪಿನ ಬರಲಿನಿಂದಲೇ. ಅದನ್ನು ಹಿಡಿಯುವವರಲ್ಲಿ ಬೇಸಿಗೆಯ ಮಟ್ಟಿಗೆ ದಿನಗೂಲಿಗೆ ಬಂದ ಊರ ಹುಡುಗರೇ ಹೆಚ್ಚು. ಅವರ ಅಜ್ಜಂದಿರ ಮೇಲೆ ಬೆಂಕಿ ಹಚ್ಚಿದ ಕೇಸು ಇದ್ದಿರಲೂಬಹುದು.

2024ರ ಮಾರ್ಚಿ, ರಮಝಾನ್ ತಿಂಗಳು. ಅಸರ್ ನಮಾಝ್ ಮುಗಿಸಿ ಬರುವಾಗ ಕೇರಿಯ ಆಚೆಯ ಬ್ಯಾಣದಲ್ಲಿ ಹೊಗೆ ಕಂಡಿತು. ನಾವು ಓಡಿ ಮುಟ್ಟುವಷ್ಟರಲ್ಲಿ ತೋಟದ ಭಟ್ಟರು, ಅವರ ಆಳುಗಳು, ನಮ್ಮ ಕೇರಿಯ ಹುಡುಗರು ಸೇರಿ ಬಡಿಯುತ್ತಿದ್ದರು. ಭಟ್ಟರ ಮನೆಯಿಂದ ಒಂದು ಕೊಡ ಮಜ್ಜಿಗೆ ಬಂತು. ತಂದವರು ನಮ್ಮ ಹುಡುಗರ ಮುಂದೆ ಲೋಟ ಹಿಡಿದು, ಆಮೇಲೆ ನೆನಪಾಗಿ ‘ಅಯ್ಯೋ, ನಿಮ್ಮದು ಉಪವಾಸ ಅಲ್ದಾ’ ಎಂದು ಕೊಡವನ್ನು ಹಲಸಿನ ಮರದ ನೆರಳಲ್ಲಿಟ್ಟು ಮೇಲೊಂದು ಬಾಳೆಲೆ ಮುಚ್ಚಿದರು. ಬೆಂಕಿ ಕಾಲುದಾರಿಯ ಹತ್ತಿರ ಬಂದು ನಿಂತಿತು. ಆ ದಾರಿಯಾಚೆ ಒಬ್ಬ ಮುದುಕಿ ಇನ್ನೂ ದರಕು ಗುಡಿಸುತ್ತಾರೆ, ಅಲ್ಲಿ ನೆಲ ಬೋಳಾಗಿತ್ತು. ಮಗ್ರಿಬ್ ಆದಾಗ ಖರ್ಜೂರ ತರಲು ಯಾರಿಗೂ ನೆನಪಿರಲಿಲ್ಲ, ಮಜ್ಜಿಗೆಯಲ್ಲೇ ರೋಝಾ ಬಿಟ್ಟೆವು.

ಮರುದಿನ ಬೆಳಿಗ್ಗೆ ಒಂದು ಕೊರಡು ಇನ್ನೂ ಹೊಗೆಯಾಡುತ್ತಿತ್ತು. ಕಾವಲಿನ ಹುಡುಗ ನೋಟ್‌ಬುಕ್ಕು ಹಿಡಿದು ಬಂದ. ಜಾಗ ಬರೆದ, ಹೆಜ್ಜೆ ಹಾಕಿ ಅಳತೆ ಬರೆದ. ಕಾರಣ ಎಂಬ ಕಡೆ ಪೆನ್ನು ನಿಂತಿತು.

‘ಏನು ಬರೀಲಿ ಸಾಬ್ರೇ?’ ಅಂದ.

ನಾವು ಭಟ್ಟರ ಮುಖ ನೋಡಿದೆವು. ಭಟ್ಟರು ಕವಳ ಉಗುಳಿ, ‘ದರಕು ಅಂತ ಬರಿ’ ಅಂದರು. ಹುಡುಗ ನಕ್ಕ. ಬಗ್ಗಿ ಏನೋ ಬರೆದುಕೊಂಡ, ನೋಟ್‌ಬುಕ್ಕು ಮಡಚಿ ಕಿಸೆಗಿಟ್ಟು ಮುಂದಿನ ಗುಡ್ಡದ ಕಡೆ ಹೊರಟ.